ಮರಳಿಗೆ ಮೈಲಿಗೆ ಅಂಟಿಸಿದವರು ಯಾರು?

ಹಳ್ಳದ ಮರಳಿನಲ್ಲಿ ಅಯಸ್ಕಾಂತ ಎಳೆದು ಆಡದ ಮಕ್ಕಳು ನಮ್ಮ ಕಡೆ ಕಡಿಮೆ. ಹಾಳಾದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತಕ್ಕೆ ದಾರ ಕಟ್ಟಿ ಎಳೆದರೆ ಸಾಕು, ಕಪ್ಪು ಪುಡಿ ಮೀಸೆಯ ಹಾಗೆ ಅಂಟಿಕೊಳ್ಳುತ್ತದೆ. ಅದು ಮ್ಯಾಗ್ನಟೈಟ್, ಅಂದರೆ ಕಬ್ಬಿಣದ ಅದಿರು. ಗಾಜಿನ ಕಾರ್ಖಾನೆಯವರ ಲೆಕ್ಕದಲ್ಲಿ ಆ ಪುಡಿಯ ಹೆಸರು ‘ಕಲ್ಮಶ’. ಅದು ಇರುವ ಮರಳು ಅವರಿಗೆ ‘ಕಳಪೆ’. ಕಟ್ಟಡಕ್ಕೆ ಆಗುತ್ತದೆ, ಗಾಜಿಗೆ ಆಗುವುದಿಲ್ಲ ಎಂದು ಷರಾ ಬರೆದು ಮುಗಿಸುತ್ತಾರೆ.

ಈ ಷರಾವನ್ನು ನಾವು ಒಪ್ಪುವುದಿಲ್ಲ. ನಮ್ಮ ಮರಳು ಕಳಪೆಯಲ್ಲ, ಬಣ್ಣದ ಮರಳು. ಅದರಿಂದ ಗಾಜು ಆಗುತ್ತದೆ. ಹಿಂದೆ ಇದೇ ನೆಲದಲ್ಲಿ ಆಗಿದೆ, ಇವತ್ತೂ ಮಾಡಬಹುದು. ಆಗದೇ ಇರುವುದಕ್ಕೆ ಕಾರಣ ಮರಳಿನಲ್ಲಿಲ್ಲ, ಅದನ್ನು ಅಳೆಯುವ ಅಳತೆಗೋಲಿನಲ್ಲಿದೆ.

ಶುದ್ಧ ಯಾವುದು, ಅಶುದ್ಧ ಯಾವುದು ಎಂಬ ಪಟ್ಟಿಯನ್ನು ಬರೆದವರು ಯಾರು, ಯಾರ ಅನುಕೂಲಕ್ಕೆ ಬರೆದರು ಎಂದು ಕೇಳುವುದು ನಮ್ಮ ಊರುಗಳಿಗೆ ಹೊಸದೇನಲ್ಲ. ಮರಳಿನ ವಿಷಯದಲ್ಲೂ ಅದನ್ನೇ ಕೇಳೋಣ.

ಗಾಜು ಎಂದರೆ ಏನು?

ಮರಳಿನ ಮುಖ್ಯ ಭಾಗ ಸಿಲಿಕಾ, ನಾವು ಬೆಣಚುಕಲ್ಲು ಎನ್ನುವುದೇ ಅದು. ಸಿಲಿಕಾ ಒಂದನ್ನೇ ಕರಗಿಸಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬೇಕು. ಜೊತೆಗೆ ಸೋಡಾ ಹಾಕಿದರೆ ನೂರಾರು ಡಿಗ್ರಿ ಕಡಿಮೆ ಶಾಖಕ್ಕೇ ಕರಗುತ್ತದೆ. ಆದರೆ ಬರೀ ಸೋಡಾ ಹಾಕಿದ ಗಾಜು ನೀರಿಗೆ ನಿಲ್ಲುವುದಿಲ್ಲ. ಅದನ್ನು ಗಟ್ಟಿ ಮಾಡಲು ಸುಣ್ಣ ಬೇಕು. ಮರಳು, ಸೋಡಾ, ಸುಣ್ಣ ಈ ಮೂರೇ ಗಾಜು. ಇವತ್ತಿನ ಸಾಧಾರಣ ಗಾಜಿನ ಲೆಕ್ಕ ಹೀಗಿದೆ: 100 ಕಿಲೋ ಮರಳಿಗೆ ಸುಮಾರು 35 ಕಿಲೋ ಸೋಡಾ ಆಶ್, ಸುಮಾರು 25 ಕಿಲೋ ಸುಣ್ಣದ ಕಲ್ಲಿನ ಪುಡಿ.

ಹಾಗಾದರೆ ಕಬ್ಬಿಣದ ಮೇಲೆ ಯಾಕಿಷ್ಟು ಸಿಟ್ಟು? ಅದು ಬಣ್ಣ ಕೊಡುತ್ತದೆ ಎಂಬುದಷ್ಟೇ ಕಾರಣ. ಕಿಟಕಿಯ ಗಾಜಿನ ಅಂಚನ್ನು ಓರೆಯಾಗಿ ಹಿಡಿದು ನೋಡಿ, ಹಸಿರು ಕಾಣುತ್ತದೆ. ಅದು ಸಾವಿರಕ್ಕೆ ಒಂದು ಪಾಲಿನಷ್ಟು ಕಬ್ಬಿಣ ಮಾಡುವ ಕೆಲಸ. ಬಣ್ಣವಿಲ್ಲದ ಬಾಟಲಿ ಬೇಕೆಂದರೆ ಸಾವಿರಕ್ಕೆ ಅರ್ಧ ಪಾಲೂ ಇರಬಾರದು. ಸೋಲಾರ್ ಫಲಕದ ಗಾಜಿಗೆ ಅದಕ್ಕಿಂತ ಎಷ್ಟೋ ಕಡಿಮೆ ಇರಬೇಕು.

ಸೋಲಾರ್ ಗಾಜಿನ ವಿಷಯದಲ್ಲಿ ನಮ್ಮ ತಕರಾರಿಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹಾಸಿರುವ ಫಲಕಗಳ ಮೇಲೆ ಹಸಿರು ಗಾಜು ಹಾಕಿದರೆ ಬಿಸಿಲಿನ ಒಂದು ಪಾಲನ್ನು ಗಾಜೇ ನುಂಗುತ್ತದೆ. ಕನ್ನಡಕಕ್ಕೆ, ಸೂಕ್ಷ್ಮದರ್ಶಕಕ್ಕೆ, ನಿಮ್ಮ ಕೈಯಲ್ಲಿರುವ ಫೋನಿಗೆ ಬಣ್ಣವಿಲ್ಲದ ಗಾಜೇ ಬೇಕು. ಆದರೆ ಅದು ಆ ವಸ್ತುಗಳ ಅಗತ್ಯ. ಅದೇ ಅಳತೆಯನ್ನು ಜಗತ್ತಿನ ಎಲ್ಲ ಮರಳಿಗೂ ಹಿಡಿದು, ಹೊಂದದೇ ಇದ್ದದ್ದೆಲ್ಲ ಕೀಳು ಎನ್ನುವುದು ಯಾವ ನ್ಯಾಯ? ಮಲ್ಲಿಗೆಯ ತೂಕದಲ್ಲಿ ಕುಂಬಳಕಾಯಿ ಅಳೆದ ಹಾಗಾಯಿತು.

ಕಾರ್ಖಾನೆಯ ಎರಡು ನಾಲಿಗೆ

ಗಾಜಿನ ಉದ್ಯಮ ಈ ವಿಷಯದಲ್ಲಿ ಎರಡು ನಾಲಿಗೆಯಲ್ಲಿ ಮಾತಾಡುತ್ತದೆ. ಕೆಮ್ಮಿನ ಔಷಧಿಯ ಕಂದು ಬಾಟಲಿ ನೋಡಿ. ಬೆಳಕು ತಾಗಿ ಔಷಧಿ ಕೆಡಬಾರದು ಎಂದು ಆ ಬಣ್ಣ ಇರುತ್ತದೆ. ಅದು ಬರುವುದು ಕಬ್ಬಿಣ, ಗಂಧಕ, ಇಂಗಾಲ ಸೇರಿದಾಗ. ಅಲ್ಲಿ ಕಬ್ಬಿಣ ‘ಕಲ್ಮಶ’ ಅಲ್ಲ, ‘ಬಣ್ಣಕಾರಕ’. ಕಾರ್ಖಾನೆ ಹಾಕಿದರೆ ಬಣ್ಣಕಾರಕ, ನಮ್ಮ ಹಳ್ಳದಲ್ಲಿ ಮೊದಲೇ ಇದ್ದರೆ ಕಲ್ಮಶ!

ಇನ್ನೊಂದು ಉದಾಹರಣೆ ಕೇಳಿ. ನಮ್ಮ ಮರಳಿನಲ್ಲಿ ಬೆಣಚಿನ ಜೊತೆ ಫೆಲ್ಡ್‌ಸ್ಪಾರ್ ಇರುತ್ತದೆ. ಗ್ರಾನೈಟ್ ಕಲ್ಲಿನಲ್ಲಿ ಕಾಣುವ ಗುಲಾಬಿ, ಬಿಳಿ ಹರಳು ಅದೇ. ಅದರೊಳಗೆ ಅಲ್ಯುಮಿನಾ ಇದೆ. ಶುದ್ಧ ಸಿಲಿಕಾ ಕೇಳುವವರು ಇದನ್ನೂ ಕಲ್ಮಶ ಎನ್ನುತ್ತಾರೆ. ಆದರೆ ಬಾಟಲಿ ಗಾಜು ಗಟ್ಟಿಯಾಗಲಿ, ನೀರಿಗೆ ಸವೆಯದಿರಲಿ ಎಂದು ಅದೇ ಉದ್ಯಮ ಫೆಲ್ಡ್‌ಸ್ಪಾರ್ ಪುಡಿಯನ್ನು ದುಡ್ಡು ಕೊಟ್ಟು ಕೊಂಡು ಮರಳಿಗೆ ಬೆರೆಸುತ್ತದೆ. ಒಂದು ಕಡೆ ಅದು ಬೇಡವೆಂದು ಮರಳನ್ನು ತಳ್ಳಿಹಾಕುವುದು, ಇನ್ನೊಂದು ಕಡೆ ಅದನ್ನೇ ಚೀಲದಲ್ಲಿ ತರಿಸುವುದು.

ಕಾರ್ಖಾನೆಗೆ ಬೇಕಾದದ್ದು ಶುದ್ಧತೆಗಿಂತ ಹೆಚ್ಚಾಗಿ ಒಂದೇ ಸಮನಾದ ಮಾಲು. ದಿನಕ್ಕೆ ನೂರಾರು ಟನ್ ಕರಗಿಸುವ ಕುಲುಮೆಗೆ ಇವತ್ತಿನ ಮರಳು ನಿನ್ನೆಯದರ ಹಾಗೇ ಇರಬೇಕು. ಅದು ಅವರ ವ್ಯವಹಾರದ ಕಷ್ಟ, ನಾವು ಅರ್ಥ ಮಾಡಿಕೊಳ್ಳುತ್ತೇವೆ. ಆದರೆ ಅವರ ಕಷ್ಟವನ್ನು ನಮ್ಮ ನೆಲದ ದೋಷ ಎಂದು ಬರೆಯುವುದು ಬೇಡ.

ಮತ್ತೋಡಿನ ಕುಲುಮೆಗಳು

ಚಿತ್ರದುರ್ಗ ಜಿಲ್ಲೆ, ಹೊಸದುರ್ಗ ತಾಲ್ಲೂಕಿನ ಮತ್ತೋಡು ನಿಮಗೆ ಗೊತ್ತಿರಬಹುದು. ಅಲ್ಲಿ ಗಾಜಿನ ಬಳೆ ಆಗುತ್ತಿತ್ತು ಎಂಬುದು ಎಷ್ಟು ಜನರಿಗೆ ಗೊತ್ತು?

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಈ ಸೀಮೆಯಲ್ಲಿ ಏನೇನಿದೆ ನೋಡಿ ಬಾ ಎಂದು ಗವರ್ನರ್ ಜನರಲ್ ವೆಲ್ಲೆಸ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರನ್ನು ಕಳಿಸಿದರು. ಬುಕಾನನ್ 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿ ಬರೆದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲಿ ಮತ್ತೋಡಿನ ಬಳೆ ಕುಲುಮೆಗಳ ವಿವರ ಇದೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣದ ಬಳೆಗಳು ಅಲ್ಲಿ ಆಗುತ್ತಿದ್ದವು. ಬೇಕಾದ ಸಾಮಾನು ಸುತ್ತಮುತ್ತಲೇ ಸಿಗುತ್ತಿತ್ತು.

ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಸೋಡಾ ಎಲ್ಲಿಂದ? ಸವಳು ಮಣ್ಣಿನಿಂದ. ಮಡಿವಾಳರು ಬಟ್ಟೆ ಒಗೆಯಲು ತರುತ್ತಿದ್ದ, ಕೆಲವು ಕಡೆ ಚೌಳು ಎನ್ನುವ ಅದೇ ಮಣ್ಣು. ಬೇಸಾಯಕ್ಕೆ ಬಾರದ ಭೂಮಿ ಎಂದು ನಾವು ಬೈಯುವ ಆ ಬಿಳಿ ಪೊರೆಯೇ ಗಾಜು ಕರಗಿಸುವ ಮದ್ದು. ಬೆಣಚುಕಲ್ಲು ಬೇಲಿ ಬದುವಿನಲ್ಲೇ ಬಿದ್ದಿದೆ. ಇನ್ನು ಬಣ್ಣ? ಚಿತ್ರದುರ್ಗದ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರಿದೆ. ಅದೇ ಜಿಲ್ಲೆಯ ಇಂಗಳದಾಳಿನಲ್ಲಿ ತಾಮ್ರದ ಗಣಿ ಇತ್ತು. ಕಬ್ಬಿಣ ಹಸಿರು ಕೊಡುತ್ತದೆ, ಜೇನಿನ ಬಣ್ಣ ಕೊಡುತ್ತದೆ, ಹೆಚ್ಚಾದರೆ ಕಪ್ಪು. ತಾಮ್ರ ಗಾಳಿ ಚೆನ್ನಾಗಿ ಆಡುವ ಕುಲುಮೆಯಲ್ಲಿ ನೀಲಿ ಹಸಿರು, ಹೊಗೆ ತುಂಬಿದ ಕುಲುಮೆಯಲ್ಲಿ ಕೆಂಪು. ಸಂಡೂರಿನಲ್ಲಿ ಅಗೆಯುವ ಮ್ಯಾಂಗನೀಸ್ ಸ್ವಲ್ಪ ಹಾಕಿದರೆ ಕಬ್ಬಿಣದ ಹಸಿರನ್ನು ಅಳಿಸುತ್ತದೆ, ಹೆಚ್ಚು ಹಾಕಿದರೆ ನೇರಳೆ.

ಒಂದೇ ಮರಳು ಬೆಂಕಿ ಬದಲಾದರೆ ಬಣ್ಣ ಬದಲಿಸುತ್ತದೆ. ಗಾಳಿ ಹೆಚ್ಚಿದ್ದರೆ ಹಳದಿಯ ಕಡೆ, ಹೊಗೆ ಹೆಚ್ಚಿದ್ದರೆ ನೀಲಿಯ ಕಡೆ. ಇದನ್ನು ಓದಿ ಕಲಿಯಲಾಗುವುದಿಲ್ಲ, ಕುಲುಮೆಯ ಮುಂದೆ ನಿಂತು ಕಲಿಯಬೇಕು. ಆ ಕಲಿಕೆಯನ್ನು ನಾವು ಕಳೆದುಕೊಂಡಿದ್ದೇವೆ.

ಮದುವೆಗೆ, ಸೀಮಂತಕ್ಕೆ ಇವತ್ತಿಗೂ ಹಸಿರು ಗಾಜಿನ ಬಳೆ ಇಲ್ಲದೆ ನಡೆಯುವುದಿಲ್ಲ. ಆ ಬಳೆಗಳ ದೊಡ್ಡ ಪಾಲು ಉತ್ತರ ಪ್ರದೇಶದ ಫಿರೋಜಾಬಾದಿನಿಂದ ಬರುತ್ತದೆ. ಹಸಿರು ಮಂಗಳಕರ, ಆದರೆ ಹಸಿರು ಕೊಡುವ ಮರಳು ಕಳಪೆ!

ಕಲ್ಮಶವೇ ಊರಿನ ಹೆಬ್ಬೆಟ್ಟು

ಪುದುಚೇರಿ ಬಳಿಯ ಅರಿಕಮೇಡು ಎರಡು ಸಾವಿರ ವರ್ಷಗಳ ಹಿಂದಿನ ಬಂದರು. ಅಲ್ಲಿ ಸಣ್ಣ ಸಣ್ಣ ಗಾಜಿನ ಮಣಿ ಆಗುತ್ತಿದ್ದವು. ಅಂಥ ಮಣಿಗಳು ಆಗ್ನೇಯ ಏಷ್ಯಾದಲ್ಲಿ, ಆಫ್ರಿಕಾದ ಪೂರ್ವ ತೀರದಲ್ಲಿ ಅಗೆದಾಗ ಸಿಗುತ್ತವೆ. ಇವುಗಳಲ್ಲಿ ಯಾವುದು ನಮ್ಮ ಕಡೆಯ ಗಾಜು ಎಂದು ವಿಜ್ಞಾನಿಗಳು ಹೇಗೆ ಗುರುತು ಹಿಡಿಯುತ್ತಾರೆ?

ಕಲ್ಮಶದಿಂದ! ಭಾರತ, ಶ್ರೀಲಂಕಾ ಕಡೆಯ ಹಳೆಯ ಗಾಜಿನಲ್ಲಿ ಅಲ್ಯುಮಿನಾ ನೂರಕ್ಕೆ ಐದು ಪಾಲು, ಎಷ್ಟೋ ಸಲ ಅದಕ್ಕಿಂತ ಹೆಚ್ಚು. ಇವತ್ತಿನ ಕಿಟಕಿ ಗಾಜಿನಲ್ಲಿ ಅದು ಒಂದು ಪಾಲಿನ ಆಸುಪಾಸು. ಗ್ರಾನೈಟ್ ನೆಲದ ಮರಳನ್ನು ಸೋಸದೆ, ಸವಳು ಸೋಡಾ ಬೆರೆಸಿ ಕರಗಿಸಿದ್ದರಿಂದ ಬಂದ ಗುರುತು ಅದು. ಸಂಶೋಧಕರು ಈ ಜಾತಿಯ ಗಾಜಿಗೆ ‘ಖನಿಜ ಸೋಡಾ ಅಲ್ಯುಮಿನಾ ಗಾಜು’ ಎಂದು ಹೆಸರಿಟ್ಟಿದ್ದಾರೆ. ಫ್ರಾನ್ಸ್ ಮೂಲದ ವಿಜ್ಞಾನಿ ಲೋರ್ ಡುಸುಬಿಯೊ ಮತ್ತು ಜೊತೆಗಾರರ ಕೆಲಸ ಇದರಲ್ಲಿ ಮುಖ್ಯವಾದದ್ದು. ಆ ಮರಳು ಶುದ್ಧವಾಗಿದ್ದರೆ ಆ ಮಣಿ ಯಾವ ನೆಲದ್ದು ಎಂದು ಹೇಳಲು ಇಷ್ಟು ಒಳ್ಳೆಯ ಗುರುತು ಸಿಗುತ್ತಿರಲಿಲ್ಲ.

ಉತ್ತರ ಪ್ರದೇಶದ ಜಲೇಸರ್ ಸೀಮೆಯಲ್ಲಿ ‘ರೇಹ್’ ಎಂಬ ಸವಳು ಮಣ್ಣನ್ನೇ ಕುಲುಮೆಗೆ ಹಾಕಿ ಗಾಜು ಮಾಡುತ್ತಿದ್ದರು. ಸೋಡಾ, ಮರಳು ಎರಡೂ ಅದರಲ್ಲೇ ಇದ್ದವು. ಆ ಕಸುಬು ಕಣ್ಮುಚ್ಚುವ ಹೊತ್ತಿಗೆ ಡೆನ್ಮಾರ್ಕಿನ ಟೋರ್ಬೆನ್ ಸೋಡೆ, ಯಾನ್ ಕಾಕ್ ಬಂದು ದಾಖಲಿಸಿದರು. ನಮ್ಮ ಕಸುಬನ್ನು ಹೊರಗಿನವರು ಬರೆದರೆಂದು ನಮಗೆ ಬೇಸರವಿಲ್ಲ. ನಾವು ಬರೆಯಲಿಲ್ಲವಲ್ಲ ಎಂಬುದೇ ಬೇಸರ.

ಯುರೋಪಿನ ಕಥೆಯೂ ಬೇರೆಯಲ್ಲ. ರೋಮನ್ನರ ಕಾಲದ ಸಾಧಾರಣ ಗಾಜಿನ ಪಾತ್ರೆಗಳು ನೀಲಿ ಹಸಿರು, ಮರಳಿನ ಕಬ್ಬಿಣದಿಂದ. ಮಧ್ಯಯುಗದ ಜರ್ಮನಿಯ ಕಾಡುಗಳಲ್ಲಿ ಮರದ ಬೂದಿ, ಸ್ಥಳೀಯ ಮರಳು ಸೇರಿಸಿ ಮಾಡಿದ ಹಸಿರು ಗಾಜಿಗೆ ‘ಕಾಡಿನ ಗಾಜು’ ಎಂದೇ ಹೆಸರು. ಇವತ್ತು ಅವು ಮ್ಯೂಸಿಯಮ್ಮಿನಲ್ಲಿ ದೀಪದ ಕೆಳಗೆ ಕುಳಿತಿವೆ. ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್ ನಗರದಲ್ಲಿ ನಾದಿನ್ ಸ್ಟರ್ಕ್, ಲೊನ್ನಿ ವಾನ್ ರೈಸ್ವಿಕ್ ಎಂಬ ಇಬ್ಬರು ವಿನ್ಯಾಸಕಿಯರು ಬೇರೆ ಬೇರೆ ಊರಿನ ಮರಳು ತರಿಸಿ, ಸೋಸದೆ ಕರಗಿಸಿ, ಯಾವ ಊರಿನ ಮರಳು ಯಾವ ಬಣ್ಣ ಕೊಡುತ್ತದೆ ಎಂದು ಜಗತ್ತಿಗೆ ತೋರಿಸಿದ್ದಾರೆ. ಅಲ್ಲಿ ಅದು ವಿನ್ಯಾಸ, ಇಲ್ಲಿ ಅದು ಕಳಪೆ. ಈ ಭೇದ ಯಾಕೆ?

ಎರಕದ ಗಾಜು ನಮಗೆ ಒಗ್ಗುತ್ತದೆ

‘ಹಾಗಾದರೆ ಬಾಟಲಿ ಕಾರ್ಖಾನೆ ಹಾಕಿ’ ಎಂದು ನಾವು ಹೇಳುತ್ತಿಲ್ಲ. ಊದಿ ಮಾಡುವ ತೆಳು ಗಾಜಿಗೆ ಒಂದು ಸಣ್ಣ ಕರಗದ ಕಾಳು ಉಳಿದರೂ ಬಿರುಕು. ಆದರೆ ಗಾಜನ್ನು ಕರಗಿಸಿ ಅಚ್ಚಿಗೆ ಹೊಯ್ಯುವ ಎರಕದ ಕೆಲಸ ಬೇರೆ. ವಸ್ತು ದಪ್ಪ. ಒಳಗೆ ಒಂದೆರಡು ಗುಳ್ಳೆ, ಎಳೆ ಇದ್ದರೆ ಅಂದವೇ. ಬಣ್ಣ ಗಾಢವಾಗಿ ಕಾಣುವುದೂ ದಪ್ಪದಲ್ಲೇ. ಕಬ್ಬಿಣದ ಮರಳಿಗೆ ಎರಕ ಹೇಳಿ ಮಾಡಿಸಿದ ಜೋಡಿ.

ಏನು ಮಾಡಬಹುದು? ಮಲೆನಾಡು, ಕರಾವಳಿಯ ಹಂಚಿನ ಮನೆಗಳಲ್ಲಿ ಬೆಳಕಿಗೆಂದು ನಡುವೆ ಒಂದು ಗಾಜಿನ ಹಂಚು ಇರುತ್ತದಲ್ಲ, ಅದು. ಗೋಡೆಗೆ ಗಾಜಿನ ಇಟ್ಟಿಗೆ, ಜಾಲಂಧ್ರದ ಬಿಲ್ಲೆ, ನೆಲದ ಅಂಚುಪಟ್ಟಿ, ದೀಪದ ಬಟ್ಟಲು. ಒಂದೊಂದೂ ಆ ಊರಿನ ಮರಳಿನ ಬಣ್ಣದ್ದು. ವೇದಾವತಿಯ ಮರಳಿನ ಹಂಚು ತುಂಗಭದ್ರೆಯ ಮರಳಿನ ಹಂಚಿನ ಹಾಗೆ ಕಾಣಬೇಕಾಗಿಲ್ಲ.

ಕಷ್ಟ ಇಲ್ಲ ಎನ್ನುವುದಿಲ್ಲ. ಅಲ್ಯುಮಿನಾ ಹೆಚ್ಚಿರುವ ಮರಳು ಕರಗುವುದು ನಿಧಾನ, ಕರಗಿದ ಮೇಲೂ ಬೆಲ್ಲದ ಪಾಕದ ಹಾಗೆ ಮಂದ. ಅದಕ್ಕೆ ಸೋಡಾ ಹೆಚ್ಚು ಬೇಕು, ಇಲ್ಲವೇ ಬೆಂಕಿ ಹೆಚ್ಚು ಬೇಕು. ಒಡೆದ ಗಾಜಿನ ಚೂರು ಬೆರೆಸಿದರೆ ಬೇಗ ಕರಗುತ್ತದೆ, ಇಂಧನವೂ ಉಳಿಯುತ್ತದೆ. ಎರಕ ಹೊಯ್ದ ಮೇಲೆ ಸುಮಾರು 500 ಡಿಗ್ರಿಯಿಂದ ಬಹಳ ನಿಧಾನ ತಣಿಸಬೇಕು. ಹಂಚಿಗೆ ಗಂಟೆಗಳು, ದಪ್ಪ ಗಟ್ಟಿಗೆ ದಿನಗಳು. ಅವಸರ ಮಾಡಿದರೆ ತಾನಾಗಿ ಸಿಡಿಯುತ್ತದೆ. ಆದರೆ ಇವೆಲ್ಲ ಕಲಿಯಬಹುದಾದ ಕಷ್ಟಗಳು. ಕುಂಬಾರರಿಗೆ, ಕಮ್ಮಾರರಿಗೆ, ಎರಕ ಹೊಯ್ಯುವವರಿಗೆ ಬೆಂಕಿಯ ಗುಣ ಹೊಸದಲ್ಲ.

ಎದುರು ಬರುವ ಮಾತುಗಳು

‘ಇದನ್ನು ಹೇಳಿ ಮರಳು ದಂಧೆಗೆ ಇನ್ನೊಂದು ನೆಪ ಕೊಡುತ್ತಿದ್ದೀರಿ’ ಎಂದು ಕೆಲವರು ಹೇಳುತ್ತಾರೆ. ಈ ಭಯ ನಮಗೂ ಇದೆ, ಹಾಗಾಗಿ ಲೆಕ್ಕ ಹಾಕಿಯೇ ಹೇಳುತ್ತೇವೆ. ಒಂದು ಟ್ರ್ಯಾಕ್ಟರ್ ಟ್ರೈಲರಿನಲ್ಲಿ 3 ಟನ್ ಮರಳು ಎಂದುಕೊಳ್ಳಿ. ಸೋಡಾ, ಸುಣ್ಣ ಸೇರಿ ಸುಮಾರು 4 ಟನ್ ಗಾಜಾಗುತ್ತದೆ. ಒಂದು ಹಂಚು 3 ಕಿಲೋ ಎಂದರೂ ಸಾವಿರಕ್ಕೂ ಹೆಚ್ಚು ಹಂಚು. ಸಣ್ಣ ಕುಲುಮೆಯೊಂದಕ್ಕೆ ತಿಂಗಳುಗಟ್ಟಲೆ ಕೆಲಸ. ರಾತ್ರೋರಾತ್ರಿ ಹೊಳೆ ಬಗೆದು ಲಾರಿ ತುಂಬುವವರಿಗೂ ಈ ಕಸುಬಿಗೂ ಸಂಬಂಧವೇ ಇಲ್ಲ. ಹೊಳೆಗೆ ಇಳಿಯಲೂ ಬೇಕಿಲ್ಲ, ಕೆರೆಯ ಹೂಳು ಎತ್ತಿದಾಗ ಸಿಗುವ ಮರಳು ಸಾಕು. ಕ್ರಷರಿನ ಬಳಿ ಗುಡ್ಡೆ ಬೀಳುವ ಕಲ್ಲಿನ ಪುಡಿಯನ್ನೂ ಪರೀಕ್ಷೆ ಮಾಡಬೇಕು.

ಶುದ್ಧ ಮರಳಿನ ಹುಚ್ಚಿಗೆ ಬೆಲೆ ತೆರುವ ಊರುಗಳೂ ಇವೆ ಎಂಬುದನ್ನು ಮರೆಯಬಾರದು. ಪ್ರಯಾಗರಾಜ್ ಬಳಿಯ ಶಂಕರಗಢ, ಕೇರಳದ ಚೇರ್ತಲ ಬಳಿಯ ಪಳ್ಳಿಪ್ಪುರಂ ಇವೆಲ್ಲ ಬಿಳಿ ಸಿಲಿಕಾ ಮರಳಿಗೆ ಹೆಸರಾದವು. ಬಿಳಿ ಮರಳು ಎಲ್ಲೆಡೆ ಇಲ್ಲ. ಇರುವ ಕೆಲವೇ ಊರುಗಳ ನೆಲದ ಮೇಲೆ ಇಡೀ ದೇಶದ ಗಾಜಿನ ಭಾರ ಬೀಳುತ್ತದೆ. ಬಣ್ಣವಿಲ್ಲದ ಗಾಜು ಬೇಕಿಲ್ಲದ ಕಡೆಯೂ ಅದನ್ನೇ ಬಳಸಿದರೆ ಆ ಊರುಗಳ ಹೊಂಡ ಇನ್ನಷ್ಟು ಆಳವಾಗುತ್ತದೆ.

‘ಸೌದೆ ಎಲ್ಲಿಂದ ತರುತ್ತೀರಿ?’ ಸೌದೆ ಬೇಡ. ತಾಜ್ ಮಹಲಿಗೆ ಹೊಗೆ ತಾಗುತ್ತದೆ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟ ಮೇಲೆ ಫಿರೋಜಾಬಾದಿನ ಕುಲುಮೆಗಳು ಕಲ್ಲಿದ್ದಲು ಬಿಟ್ಟು ಗ್ಯಾಸಿಗೆ ಬಂದವು. ಸಣ್ಣ ಕುಲುಮೆಗೆ ಗ್ಯಾಸ್ ಅಥವಾ ಕರೆಂಟು ಸಾಕು. ಸೋಲಾರ್ ವಿದ್ಯುತ್ತು ಬೆಳೆಯುವ ಸೀಮೆಯವರು ಹಗಲಿನ ಕರೆಂಟಿಗೆ ಪರದಾಡಬೇಕೆ?

‘ಎದೆರೋಗ ಬರುವುದಿಲ್ಲವೇ?’ ಬರುತ್ತದೆ, ಎಚ್ಚರ ತಪ್ಪಿದರೆ. ಸಿಲಿಕಾದ ಸಣ್ಣ ಧೂಳು ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್. ಅದಕ್ಕೆ ಮದ್ದಿಲ್ಲ. ಹಾಗಾಗಿ ಒಣ ಮರಳನ್ನು ಪುಡಿ ಮಾಡುವ ಕೆಲಸ ಬೇಡ. ಸೋಸುವುದು, ಬೆರೆಸುವುದು ಒದ್ದೆ ಮಾಡಿಯೇ ಆಗಬೇಕು, ಸರಿಯಾದ ಮಾಸ್ಕ್ ಬೇಕು. ಫಿರೋಜಾಬಾದಿನ ಬಳೆ ಕೆಲಸದಲ್ಲಿ ಮಕ್ಕಳನ್ನು ದುಡಿಸಿದ್ದು ದೇಶಕ್ಕೇ ಗೊತ್ತಿರುವ ಕಥೆ. ಕುಲುಮೆಯ ಹತ್ತಿರ ಒಂದು ಮಗು ಕಂಡರೂ ಆ ಕುಲುಮೆ ಮುಚ್ಚಲಿ. ಮನೆಯಂಗಳದಲ್ಲಿ ಪ್ರಯೋಗ ಮಾಡಲು ಯಾರೂ ಹೋಗಬೇಡಿ ಎಂದೂ ಇಲ್ಲೇ ಹೇಳಿಬಿಡುತ್ತೇವೆ.

ನಾವು ಕೇಳುವುದು ಇಷ್ಟು

ಮೊದಲನೆಯದು, ಪರೀಕ್ಷೆ. ತಾಲ್ಲೂಕಿಗೆ ಹತ್ತು ಕಡೆಯಿಂದ ಮರಳು, ಹೂಳು, ಕ್ರಷರ್ ಪುಡಿ ತಂದು ನೂರು ನೂರು ಗ್ರಾಂ ಕರಗಿಸಿ ನೋಡಲಿ. ಯಾವುದು ಯಾವ ಬಣ್ಣ ಕೊಟ್ಟಿತು ಎಂದು ಬಿಲ್ಲೆ ಮಾಡಿ ಜನರ ಮುಂದಿಡಲಿ. ಕಲ್ಕತ್ತದಲ್ಲಿ ಕೇಂದ್ರ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆ ಇದೆ. ನಮ್ಮ ರಾಜ್ಯದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆ ಇದೆ. ಇವರಿಗೆ ಇದು ದೊಡ್ಡ ಕೆಲಸವಲ್ಲ.

ಎರಡನೆಯದು, ಕಲಿಕೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ಅಂಥ ಕಡೆ, ಐಟಿಐಗಳಲ್ಲಿ, ಎರಕದ ಗಾಜಿನ ಒಂದು ಸಣ್ಣ ತರಗತಿ ಶುರುವಾಗಲಿ. ವರ್ಷಕ್ಕೆ ಇಪ್ಪತ್ತು ಜನ ಕಲಿತರೂ ಕಳೆದುಹೋದ ಕಸುಬಿಗೆ ಮತ್ತೆ ಉಸಿರು ಬರುತ್ತದೆ.

ಮೂರನೆಯದು, ಮತ್ತೋಡು. ಅಲ್ಲಿನ ಕುಲುಮೆಗಳ ನೆಲೆಯನ್ನು ಪುರಾತತ್ವ ಇಲಾಖೆ ಅಗೆದು, ಅಳೆದು, ಕನ್ನಡದಲ್ಲಿ ದಾಖಲಿಸಲಿ. ಹೊಸದುರ್ಗದ ಮಕ್ಕಳ ಪಾಠದಲ್ಲಿ ಅದು ಬರಲಿ.

ನಾಲ್ಕನೆಯದು, ಹಿಡಿತ. ಎಷ್ಟು ಮರಳು, ಎಲ್ಲಿಂದ ಎಂಬುದನ್ನು ಗ್ರಾಮಸಭೆ ತೀರ್ಮಾನಿಸಲಿ. ಲೆಕ್ಕ ಬುಟ್ಟಿಯಲ್ಲಿರಲಿ, ಲಾರಿಯಲ್ಲಿ ಬೇಡ.

ಐದನೆಯದಕ್ಕೆ ದುಡ್ಡು ಬೇಕಿಲ್ಲ. ವರದಿ ಬರೆಯುವ ಅಧಿಕಾರಿಗಳು ‘ಕಳಪೆ ಮರಳು’ ಎಂದು ಬರೆಯುವ ಜಾಗದಲ್ಲಿ ‘ಹಸಿರು ಕೊಡುವ ಮರಳು’, ‘ಜೇನುಬಣ್ಣ ಕೊಡುವ ಮರಳು’ ಎಂದು ಬರೆಯಲಿ. ಹೆಸರು ಸರಿಯಾದರೆ ಅದರಿಂದ ಏನು ಮಾಡಬಹುದು ಎಂಬ ಯೋಚನೆಯೂ ಹುಟ್ಟುತ್ತದೆ.

ನಿಮ್ಮ ಊರಿನ ಹಳ್ಳದ ಮರಳು ಯಾವ ಬಣ್ಣದ ಗಾಜಾಗುತ್ತದೆ? ಈ ಪ್ರಶ್ನೆಗೆ ಇವತ್ತು ನಿಮ್ಮ ಜಿಲ್ಲಾ ಕಚೇರಿಯಲ್ಲಿ ಉತ್ತರ ಸಿಗದು. ಇನ್ನೂರು ವರ್ಷಗಳ ಹಿಂದೆ ಮತ್ತೋಡಿನಲ್ಲಿ ಬಳೆ ಮಾಡುವವರನ್ನು ಕೇಳಿದ್ದರೆ ಅವರು ತಮ್ಮ ನೆಲದ ಮಟ್ಟಿಗಾದರೂ ಹೇಳುತ್ತಿದ್ದರು. ಮುಂದಿನ ಗ್ರಾಮಸಭೆಯಲ್ಲಿ ಕೈ ಎತ್ತಿ ಇದೊಂದನ್ನು ಕೇಳಿ. ನಕ್ಕರೆ ನಗಲಿ, ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಬನ್ನಿ.